ಒಂದು ಮೂಲೆ ಬಿಡು

ನಮ್ಮ ಕಾಫಿ ಕಣ ಖಾಲಿಯಾಗುವುದು ಮಾರ್ಚ್ ಕೊನೆಗೆ. ಕೊನೆಯ ರೊಬಸ್ಟಾ ಒಣಗಿ, ಚೀಲ ತುಂಬಿ, ಲಾರಿ ಹತ್ತಿದ ಮೇಲೆ ಆ ಸಿಮೆಂಟು ನೆಲ ಸುಮ್ನೆ ಬಿಸಿಲಿಗೆ ಬಿದ್ದಿರುತ್ತದೆ. ಮೂರು ವರ್ಷದಿಂದ ಆ ಖಾಲಿ ಕಣದಲ್ಲಿ ನಾನು ಹಾಯಿ ಎತ್ತಿ ನಿಲ್ಲಿಸುತ್ತಿದ್ದೇನೆ. ನಾಲ್ಕೂವರೆ ಚದರ ಮೀಟರಿನ ವಿಂಡ್‌ಸರ್ಫಿಂಗ್ ಹಾಯಿ. ತೇಲುವ ಬೋರ್ಡ್ ಮೇಲೆ ನಿಂತು, ಅದಕ್ಕೆ ನೆಟ್ಟ ಹಾಯಿಯನ್ನು ಕೈಯಲ್ಲಿ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ ಅದು. ಕಣದಲ್ಲಿ ಹಾಯಿಯ ಕೆಳಗೆ ಬೋರ್ಡ್ ಇಲ್ಲ. ದಪ್ಪನೆಯ ಹಲಸಿನ ಹಲಗೆಗೆ ಹಾಯಿಕಂಬದ ಬುಡ ಬೋಲ್ಟ್ ಮಾಡಿಸಿದ್ದೇನೆ, ಎರಡೂ ತುದಿಗೆ ಮರಳು ತುಂಬಿದ ಗೋಣಿ ಚೀಲ. ಸಂಜೆ ನಾಲ್ಕರ ಹೊತ್ತಿಗೆ ಸಿಲ್ವರ್ ಓಕ್ ಮರಗಳು ಎಲೆ ಮಗುಚಿ ಬೆಳ್ಳಿ ಬದಿ ತೋರಿಸಿದರೆ, ನಾನು ಕಣದಲ್ಲಿ ಇದ್ದೇನೆ ಅಂತಲೇ ಲೆಕ್ಕ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ಕಡಲು ನೋಡಬೇಕಾದರೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ನಾನು ಈ ಆಟ ಕಲಿತದ್ದು ಅದಕ್ಕಿಂತ ಎಷ್ಟೋ ದೂರದ ಗೋವಾದ ದೋನಾ ಪಾವ್ಲಾದಲ್ಲಿ. ಜುವಾರಿ ನದಿ ಕಡಲು ಸೇರುವ ಜಾಗ ಅದು. ಆಗ ನನಗೆ ನಲವತ್ತೊಂದು. ವರ್ಷಕ್ಕೆ ಒಂದು ಸಲ, ಕಾಫಿ ಕೆಲಸ ಮುಗಿದ ಮೇಲೆ, ಹತ್ತು ಹನ್ನೆರಡು ದಿನ ಅಲ್ಲಿಗೆ ಹೋಗುತ್ತೇನೆ. ಉಳಿದ ದಿನವೆಲ್ಲ ಕಣವೇ ನನ್ನ ಕಡಲು.

ಹತ್ತಿರದಲ್ಲೇ ಹಾರಂಗಿ ಇದೆಯಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅಣೆಕಟ್ಟಿನ ನೀರಿಗೆ ಅನುಮತಿ ಇಲ್ಲದೆ ಹಾಗೆಲ್ಲ ಇಳಿಯುವಂತಿಲ್ಲ. ಹೇರೂರು ಕಡೆಯ ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆಗಳೂ ಇವೆ. ಅದೆಲ್ಲ ಬಿಟ್ಟರೂ, ಬೆಟ್ಟದ ನಡುವಿನ ಗಾಳಿ ಕಲಿಯುವವನಿಗೆ ಆಗಿಬರುವುದಿಲ್ಲ. ಬೆಟ್ಟದ ಓರೆ ದಾಟಿ ಬರುವಾಗ ಅದು ಸುಳಿ ಸುಳಿಯಾಗಿ ಒಡೆಯುತ್ತದೆ. ಒಂದು ನಿಮಿಷ ಪಡುವಣದಿಂದ, ಇನ್ನೊಂದು ನಿಮಿಷ ಎಲ್ಲಿಂದಲೋ. ಕಡಲ ಮೇಲಿನ ಮಧ್ಯಾಹ್ನದ ಗಾಳಿ ಹಾಗಲ್ಲ. ಏಪ್ರಿಲ್‌ನಲ್ಲಿ ಗೋವಾದ ಕರಾವಳಿಗೆ ವಾಯವ್ಯದ ಕಡೆಯಿಂದ ಅದು ಬಂದರೆ ಸಂಜೆವರೆಗೆ ಒಂದೇ ಸಮ ಬೀಸುತ್ತಿರುತ್ತದೆ.

ಇಷ್ಟು ವರ್ಷದಲ್ಲಿ ನಾನು ಮಾಡಿದ ತಪ್ಪುಗಳನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತೋಟದ ಹಾಜರಿ ಪುಸ್ತಕದಂತೆ ದಿನಾಂಕ ಹಾಕಿ. ಈಗ ಅದನ್ನು ಮೊದಲಿನಿಂದ ಓದಿದಾಗ ಒಂದು ವಿಷಯ ಕಣ್ಣಿಗೆ ರಾಚುತ್ತದೆ. ಬೇರೆ ಬೇರೆ ಅಂತ ಬರೆದುಕೊಂಡಿದ್ದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಒಂದೇ ಬೇರಿನಿಂದ ಬಂದವು. ಹೆದರಿದ ಮೈ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಹಿಡಿದುಕೊಳ್ಳಲು ಬಗ್ಗುತ್ತದೆ. ಬಗ್ಗಿದಾಗ ಕಣ್ಣು ಕೆಳಗೆ ಹೋಗುತ್ತದೆ. ಅಷ್ಟಾದ ಮೇಲೆ ಉಳಿದದ್ದು ನೀರಿಗೆ ಬೀಳುವುದು ಮಾತ್ರ.

ಮೊದಲ ಪುಟದಿಂದಲೇ ಹೇಳುತ್ತೇನೆ. ಮೊದಲ ಎರಡು ದಿನ ನಾನು ಮಾಡಿದ್ದು ಹಾಯಿ ಎತ್ತುವ ಕೆಲಸ ಮಾತ್ರ. ಬೋರ್ಡ್ ಮೇಲೆ ಹತ್ತಿ ನಿಂತಾಗ ಹಾಯಿ ನೀರಿನಲ್ಲಿ ಮಲಗಿರುತ್ತದೆ. ಅದಕ್ಕೆ ಕಟ್ಟಿದ ಅಪ್‌ಹಾಲ್ ಹಗ್ಗ ಹಿಡಿದು ಎಳೆದು ಎಬ್ಬಿಸಬೇಕು. ಹಾಯಿ ಅಂಥ ಭಾರ ಏನಲ್ಲ. ಭಾರ ಇರುವುದು ಅದರ ಮೇಲೆ ಕೂತ ನೀರಿಗೆ. ನನಗೆ ಅದು ಗೊತ್ತಿರಲಿಲ್ಲ. ಸೊಂಟ ಬಗ್ಗಿಸಿ, ಕೈ ಮಡಚಿ, ಒಂದೇ ಉಸಿರಿಗೆ ಜಗ್ಗಿದೆ. ಹಾಯಿ ಅರ್ಧ ಎದ್ದಿತು, ನೀರೆಲ್ಲ ಒಮ್ಮೆಲೇ ಜಾರಿತು, ಭಾರ ತಟ್ಟನೆ ಹೋಯಿತು, ನಾನು ಬೆನ್ನಡಿಯಾಗಿ ನೀರಿಗೆ ಬಿದ್ದೆ. ಇಪ್ಪತ್ತು ಸಲ ಹೀಗೇ ಆಯಿತು. ಮೂರನೇ ದಿನ ಬೆಳಿಗ್ಗೆ ಸೊಂಟ ಹಿಡಿದುಕೊಂಡು ಹಾಸಿಗೆಯಿಂದ ಏಳಲು ಆಗಲಿಲ್ಲ.

ಇದಕ್ಕೆ ಮದ್ದು ಸಿಕ್ಕಿದ್ದು ಮನೆಗೆ ಬಂದ ಮೇಲೆ. ಕಣದಲ್ಲಿ ಹಾಯಿ ಮಲಗಿಸಿ ಎತ್ತುತ್ತಿದ್ದೆ. ನಮ್ಮಲ್ಲಿ ಲಾರಿಗೆ ಮೂಟೆ ಹತ್ತಿಸಲು ಬರುವ ಹಿರಿಯರೊಬ್ಬರು ಮೋಟುಗೋಡೆ ಮೇಲೆ ಕೂತು ನೋಡುತ್ತಿದ್ದರು. ಸ್ವಲ್ಪ ಹೊತ್ತು ನೋಡಿ, “ಸಾವ್ಕಾರ್ರೆ, ಮೂಟೆನ ಹಾಗೆ ಎತ್ತಿದ್ರೆ ನಾನು ಇಷ್ಟು ವರ್ಷ ಬಾಳ್ತಿದ್ನಾ? ಸೊಂಟದಿಂದ ಎತ್ಬೇಡಿ. ತೊಡೆಯಿಂದ ಎತ್ತಿ” ಅಂದರು. ಎದ್ದು ಬಂದು ತೋರಿಸಿಯೂ ಕೊಟ್ಟರು. ಕಾಲು ಭುಜದಷ್ಟು ಅಗಲ, ಮಂಡಿ ಮಡಚಿ, ಬೆನ್ನು ಗೋಡೆಯಂತೆ ನೆಟ್ಟಗೆ, ಕೈ ನೀಟಾಗಿ ಚಾಚಿ. ಆಮೇಲೆ ಹಗ್ಗವನ್ನು ಎಳೆಯಲೇ ಇಲ್ಲ ಅವರು. ಹಿಂದಕ್ಕೆ ಒರಗಿ ಸುಮ್ನೆ ಮಂಡಿ ಬಿಚ್ಚಿದರು, ಅಷ್ಟೇ. ವಿಂಡ್‌ಸರ್ಫಿಂಗ್ ಕಲಿಸುವವರು ಹೇಳುವುದೂ ಇದೇ ಪಾಠ. ಬೆನ್ನಿಗೆ ಗಾಳಿ ಇರಲಿ, ಪಾದಗಳು ಕಂಬದ ಬುಡದ ಆಚೆ ಈಚೆ ಇರಲಿ, ಮೈಭಾರ ಕೆಲಸ ಮಾಡಲಿ. ಮೊದಲು ಒಂದಡಿ ಎತ್ತಿ ಅಲ್ಲೇ ನಿಲ್ಲಬೇಕು. ಹಾಯಿಯ ಮೇಲಿನ ನೀರು ಇಳಿದು ಹೋಗಬೇಕು. ಆಮೇಲೆ ಒಂದು ಕೈಯಾದ ಮೇಲೆ ಒಂದು ಕೈ ಹಾಕಿ ಹಗ್ಗ ಹತ್ತಿಸಿಕೊಂಡರೆ ಹಾಯಿ ತಾನಾಗಿ ಬರುತ್ತದೆ. ಐವತ್ತು ಕಿಲೋ ಕಾಫಿ ಚೀಲವನ್ನು ಜೀವನವಿಡೀ ಎತ್ತಿದ ಮೈಗೆ ಗೊತ್ತಿದ್ದದ್ದು ನನ್ನ ಮೈಗೆ ಗೊತ್ತಿರಲಿಲ್ಲ.

ನನ್ನ ಮೈಗೆ ಗೊತ್ತಿದ್ದದ್ದು ಹಾಕಿ. ಕೊಡಗಿನಲ್ಲಿ ಹುಟ್ಟಿ ಹಾಕಿ ಸ್ಟಿಕ್ ಹಿಡಿಯದವರು ಕಡಿಮೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ನಾನು ಹುಡುಗ. ಆಮೇಲೆ ನಮ್ಮ ಒಕ್ಕದ, ಅಂದರೆ ಮನೆತನದ, ತಂಡಕ್ಕೆ ಆರು ವರ್ಷ ಆಡಿದೆ. ಹಾಕಿ ಆಡುವವನು ಹೇಗೆ ನಿಲ್ಲುತ್ತಾನೆ ನೆನಪು ಮಾಡಿಕೊಳ್ಳಿ. ಸೊಂಟದಲ್ಲಿ ಬಗ್ಗಿ, ಕಣ್ಣು ಚೆಂಡಿನ ಮೇಲೆ ಇಟ್ಟು, ಎರಡೂ ಕೈಯಲ್ಲಿ ಸ್ಟಿಕ್ ಬಿಗಿಹಿಡಿದು. ಇಪ್ಪತ್ತು ವರ್ಷ ಆ ನಿಲುವು ನನಗೆ ಅನ್ನ ಹಾಕದಿದ್ದರೂ ಮಾನ ಕೊಟ್ಟಿದೆ. ಬೋರ್ಡ್ ಮೇಲೆ ಅದೇ ನಿಲುವು ಹೆಜ್ಜೆ ಹೆಜ್ಜೆಗೂ ನನ್ನನ್ನು ಕೆಡವಿತು.

ಕೆಳಗೆ ನೋಡುವುದರಿಂದ ಏನಾಗುತ್ತದೆ? ತಲೆಯ ತೂಕ ಸುಮಾರು 5 ಕಿಲೋ. ಅದು ಮುಂದಕ್ಕೆ ಬಾಗಿದರೆ ಸರಿದೂಗಿಸಲು ಪೃಷ್ಠ ಹಿಂದಕ್ಕೆ ಹೋಗುತ್ತದೆ. ಆಗ ಮೈ ಎರಡು ತುಂಡಾದ ಹಾಗೆ. ಗಾಳಿಯ ಎಳೆತಕ್ಕೆ ಎದುರಾಗಿ ಒರಗಲು ಬೇಕಾದ ಭಾರ ಸೊಂಟದಲ್ಲೇ ಮುರಿದು ಹೋಗುತ್ತದೆ. ಕೈ ಮಾತ್ರ ಎಳೆಯುತ್ತಾ ಉಳಿಯುತ್ತದೆ. ಬೋರ್ಡ್ ಎಲ್ಲಿಗೆ ಹೋಗುತ್ತಿದೆ ಅಂತ ನೋಡದವನಿಗೆ ಗಾಳಿ ಬರುವುದೂ ಕಾಣುವುದಿಲ್ಲ. ನೀರಿನ ಮೇಲೆ ಗಾಳಿಯ ಹೊಡೆತ ಬರುವಾಗ ಮೊದಲೇ ಗುರುತು ಕೊಡುತ್ತದೆ. ಸಣ್ಣ ಸಣ್ಣ ಸುಕ್ಕಿನ ಕಪ್ಪು ಪಟ್ಟೆ ಒಂದು ನೀರಿನ ಮೇಲೆ ಓಡಿ ಬರುತ್ತದೆ. ಅದನ್ನು ಐದು ಸೆಕೆಂಡ್ ಮುಂಚೆ ಕಂಡವನು ಉಳಿಯುತ್ತಾನೆ.

ಕಲಿಸುತ್ತಿದ್ದವನು ಕಾರವಾರ ಕಡೆಯ ಹುಡುಗ. ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನು ಪಾದ ನೋಡಬೇಡಿ ಅಂತ ಒಂದು ಸಲವೂ ಹೇಳಲಿಲ್ಲ. ದೂರದಲ್ಲಿ ಒಂದು ಹಡಗು ನಿಂತಿತ್ತು. “ಅಣ್ಣಾ, ಆ ಹಡಗಿನ ಮೇಲೆ ಎಷ್ಟು ಕ್ರೇನ್ ಇದೆ ಎಣಿಸಿ” ಅಂದ. ನಾನು ಎಣಿಸುತ್ತಾ ಇದ್ದೆ. ಎಣಿಸಿ ಮುಗಿಸುವಷ್ಟರಲ್ಲಿ ಬೋರ್ಡ್ ಐವತ್ತು ಮೀಟರ್ ಓಡಿತ್ತು. ಪಾದಕ್ಕೆ ತನ್ನ ಕೆಲಸ ತಿಳಿದಿತ್ತು. ಅದನ್ನು ಕಾವಲು ಕಾಯುವ ಕೆಲಸ ನಾನು ಮಾಡಬೇಕಿರಲಿಲ್ಲ.

ಇನ್ನು ಹಿಡಿತ. ಬೂಮ್ ಅಂದರೆ ಹಾಯಿಯ ಎರಡೂ ಬದಿಗೆ ಇರುವ ಹಿಡಿಕೆ. ಅದನ್ನು ನಾನು ಹಾಕಿ ಸ್ಟಿಕ್ ಹಿಡಿದ ಹಾಗೆ ಹಿಡಿಯುತ್ತಿದ್ದೆ. ಮೊದಲ ಸಲ ಗೋವಾದಿಂದ ಬಂದಾಗ ಕಾಫಿ ಲೋಟ ಎತ್ತುವಾಗ ಕೈ ನಡುಗುತ್ತಿತ್ತು. ಅವ್ವ ನೋಡಿ ಹೆದರಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಉರಿ ಬಂದರೆ ಅದು ಗಾಳಿ ಜಾಸ್ತಿ ಆಯಿತು ಅಂತ ಅಲ್ಲ, ಹಿಡಿತ ಜಾಸ್ತಿ ಆಯಿತು ಅಂತ. ಬೆರಳುಗಳು ಕೊಕ್ಕೆಯ ಹಾಗೆ ಬೂಮ್‌ಗೆ ನೇತು ಹಾಕಿದರೆ ಸಾಕು. ಕೈ ನೇರ, ಭುಜ ಕೆಳಗೆ, ಭಾರ ಹಿಂದೆ. ಬೂಮ್‌ನ ಎತ್ತರವೂ ಇಲ್ಲಿ ಮುಖ್ಯ. ಭುಜದ ಮಟ್ಟದಲ್ಲಿ ಕಟ್ಟಿದರೆ ನೇತು ಬೀಳಲು ಸುಲಭ. ಎದೆಯ ಕೆಳಗೆ ಕಟ್ಟಿದರೆ ಬಗ್ಗಲೇಬೇಕು, ಎಷ್ಟು ಬುದ್ಧಿ ಹೇಳಿಕೊಂಡರೂ. ಹಾಗೇ ಹಾಯಿಯನ್ನು ಕೆಳಕ್ಕೆ ಎಳೆದು ಬಿಗಿಯುವ, ಕಂಬದ ಬುಡದ ಡೌನ್‌ಹಾಲ್ ಹಗ್ಗ. ಹೊಸಬರು ಅದನ್ನು ಸಾಕಷ್ಟು ಎಳೆಯುವುದಿಲ್ಲ. ಹಾಯಿ ಜೋತು ಬಿದ್ದು, ಅದರ ಹೊಟ್ಟೆ ಹಿಂದಕ್ಕೆ ಸರಿದು, ಸಣ್ಣ ಗಾಳಿಗೂ ಹಿಂದಿನ ಕೈಯನ್ನು, ಅಂದರೆ ಕಂಬದಿಂದ ದೂರದ ಕೈಯನ್ನು, ಜಗ್ಗುತ್ತದೆ. ಎಷ್ಟೋ ಸಲ ನಮ್ಮ ಕೈಚಳಕದ ತಪ್ಪು ಅಂದುಕೊಂಡದ್ದು ದಡದಲ್ಲೇ ಸರಿಯಾಗಿ ಕಟ್ಟದ ಹಗ್ಗದ ತಪ್ಪು.

ಆದರೆ ಹಿಡಿತ ಬಿಡುವುದನ್ನು ನನಗೆ ನಿಜವಾಗಿ ಕಲಿಸಿದ್ದು ಕಡಲಲ್ಲ. ಕಾಫಿ ಬೆಳೆಯುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಫೆಬ್ರವರಿ ಕೊನೆ. ಕಣದ ತುಂಬ ರೊಬಸ್ಟಾ ಹರಡಿತ್ತು, ಇನ್ನೆರಡು ಬಿಸಿಲು ಸಾಕಿತ್ತು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆಗೆ ಎಲ್ಲರೂ ಕಾಯುತ್ತೇವೆ, ಆದರೆ ಹಣ್ಣು ಕಣದಲ್ಲಿರುವಾಗ ಬಂದರೆ ಕರುಳು ಹಿಂಡಿದ ಹಾಗೆ ಆಗುತ್ತದೆ. ಮೂರು ಗಂಟೆಗೆ ಮಡಿಕೇರಿ ಕಡೆಯಿಂದ ಆಕಾಶ ಕಪ್ಪಾಯಿತು. ನಾವು ಎಲ್ಲರೂ ಓಡಿದೆವು. ಕೆಲವರು ಕಾಫಿ ಗುಡ್ಡೆ ಹಾಕಿದರು. ನಾನು ಮತ್ತು ಅವ್ವ ಟಾರ್ಪಾಲ್ ಹಿಡಿದೆವು. ಹನಿಗೆ ಮುಂಚೆ ಬರುವ ಆ ಗಾಳಿ ನಿಮಗೆ ಗೊತ್ತಲ್ವಾ, ಅದು ಟಾರ್ಪಾಲಿನ ಅಡಿಗೆ ನುಗ್ಗಿತು. ನಾನು ಎರಡೂ ಮೂಲೆ ಬಿಗಿಹಿಡಿದಿದ್ದೆ. ಟಾರ್ಪಾಲ್ ಹೊಟ್ಟೆ ಉಬ್ಬಿಸಿಕೊಂಡು ನನ್ನನ್ನು ಎತ್ತಿಕೊಂಡೇ ಹೊರಟಿತು. ಕಾಲು ಕಾಫಿಯ ಮೇಲೆ ಜಾರುತ್ತಿತ್ತು. ಅವ್ವ ಆ ತುದಿಯಿಂದ ಕೂಗಿದರು. “ಒಂದು ಮೂಲೆ ಬಿಡೋ! ಒಂದೇ ಹಿಡ್ಕೋ!”

ಬಿಟ್ಟೆ. ಆ ಕ್ಷಣಕ್ಕೆ ಟಾರ್ಪಾಲ್ ಬಾವುಟವಾಯಿತು. ಪಟಪಟ ಹೊಡೆದುಕೊಂಡಿತು, ಆದರೆ ಎಳೆಯಲಿಲ್ಲ. ಗಾಳಿ ಅದರ ಎರಡೂ ಬದಿಯಿಂದ ಸರಿದು ಹೋಯಿತು. ಒಂದು ಮೂಲೆ ನನ್ನ ಕೈಯಲ್ಲೇ ಇತ್ತು. ಗಾಳಿ ಸ್ವಲ್ಪ ತಗ್ಗಿದಾಗ ಬಿಟ್ಟ ಮೂಲೆಯನ್ನು ಮತ್ತೆ ಎಳೆದುಕೊಂಡು ಗುಡ್ಡೆಯ ಮೇಲೆ ಹೊದಿಸಿದೆವು. ಮಳೆ ಸುರಿಯಿತು. ನಾನು ನೆನೆಯುತ್ತಾ ಕಣದ ನಡುವೆ ನಿಂತೇ ಇದ್ದೆ. ಕಾರವಾರದ ಹುಡುಗ ಹತ್ತು ದಿನ ಹೇಳಿದ್ದು ಇದನ್ನೇ. ಗಾಳಿ ಜೋರಾದಾಗ ಹಿಂದಿನ ಕೈ ಸಡಿಲಿಸಿ. ಹಾಯಿ ತೆರೆದುಕೊಳ್ಳುತ್ತದೆ, ಗಾಳಿ ಚೆಲ್ಲಿ ಹೋಗುತ್ತದೆ. ಮುಂದಿನ ಕೈ ಮಾತ್ರ ಬಿಡಬೇಡಿ. ಕಿವಿಗೆ ಬಿದ್ದಿತ್ತು, ಮೈಗೆ ಹೋಗಿರಲಿಲ್ಲ.

ಹೆದರಿದಾಗ ಎರಡೂ ಕೈಯಲ್ಲಿ ಒಳಗೆ ಎಳೆದುಕೊಳ್ಳುವುದು ವಿಂಡ್‌ಸರ್ಫಿಂಗ್‌ನ ತಪ್ಪುಗಳಲ್ಲಿ ದೊಡ್ಡದು ಅಂತ ನಾನು ನಂಬುತ್ತೇನೆ. ಎಳೆದುಕೊಂಡಷ್ಟೂ ಹಾಯಿ ಗಾಳಿ ತುಂಬಿಕೊಳ್ಳುತ್ತದೆ, ನಮ್ಮನ್ನು ಎತ್ತಿ ಮುಂದಕ್ಕೆ ಎಸೆಯುತ್ತದೆ. ಇದಕ್ಕೊಂದು ಲೆಕ್ಕವೂ ಇದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತು ನಾಲ್ಕರಷ್ಟಾಗುತ್ತದೆ. 10 ನಾಟ್ ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್ ಗಾಳಿ, ಕಲಿಯುವವನಿಗೆ ಸುಖವಾದದ್ದು. ಅದೇ ಹಾಯಿಗೆ 20 ನಾಟ್ ಬಡಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಎಳೆತ. ತೋಳಿನ ಬಲದಿಂದ ಅದನ್ನು ಗೆಲ್ಲಲು ಆಗುವುದಿಲ್ಲ. ದೊಡ್ಡ ಹಾಯಿ ಹಾಕಿಕೊಂಡರೆ ಬೇಗ ಕಲಿಯಬಹುದು ಅಂತ ಎರಡನೇ ವರ್ಷ ನಾನು ಆರು ಚದರ ಮೀಟರಿನ ಹಾಯಿ ಕೇಳಿ ಪಡೆದೆ. ಆ ಇಡೀ ವಾರ ವ್ಯರ್ಥವಾಯಿತು.

ಆಮೇಲಿಂದ ಕಣದಲ್ಲಿ ದಿನಾ ಒಂದು ಅಭ್ಯಾಸ. ಮುಂದಿನ ಕೈ ಬೂಮ್ ಮೇಲೆ, ಕಂಬ ತನ್ನಷ್ಟಕ್ಕೆ ತೂಗಿ ನಿಲ್ಲುವ ಜಾಗ ಹುಡುಕಬೇಕು. ಸರಿಯಾದ ಜಾಗದಲ್ಲಿ ಅದು ಎರಡು ಬೆರಳಿಗೆ ನಿಲ್ಲುತ್ತದೆ. ಮೆಣಸು ಕೊಯ್ಯುವವರು ಬಿದಿರಿನ ಉದ್ದ ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡಿದ್ದೀರಲ್ಲ, ಹಾಗೆ. ಕಂಬ ತೂಗಿ ನಿಂತ ಮೇಲೆ ಮಾತ್ರ ಹಿಂದಿನ ಕೈ. ಹೊಸಬರು ಈ ಹೆಜ್ಜೆ ಹಾರಿಸುತ್ತಾರೆ. ಕಂಬ ಇನ್ನೂ ಆ ಕಡೆ ಬಾಗಿರುವಾಗಲೇ ಹಿಂದಿನ ಕೈಯಿಂದ ಎಳೆಯುತ್ತಾರೆ. ಹಾಯಿ ಅವರನ್ನು ತನ್ನ ಕಡೆ ಉರುಳಿಸಿಕೊಳ್ಳುತ್ತದೆ. ಆಮೇಲೆ ಹಿಂದಿನ ಕೈ ನಿಧಾನವಾಗಿ ಒಳಗೆ, ಮತ್ತೆ ಹೊರಗೆ. ಬಾಗಿಲು ಮುಚ್ಚಿ ತೆಗೆದ ಹಾಗೆ. ಐವತ್ತು ಸಲ. ಎಷ್ಟು ಮುಚ್ಚಬೇಕು ಅನ್ನುವುದಕ್ಕೆ ಹಾಯಿಯೇ ಉತ್ತರ ಕೊಡುತ್ತದೆ. ಕಂಬದ ಪಕ್ಕದ ಬಟ್ಟೆ ಅದುರುವವರೆಗೆ ಬಿಡಬೇಕು, ಆ ಅದುರು ನಿಲ್ಲುವಷ್ಟು ಮಾತ್ರ ಒಳಗೆ ತರಬೇಕು. ಅದಕ್ಕಿಂತ ಜಾಸ್ತಿ ತಂದರೆ ಕೈಗೆ ಭಾರ ಗೊತ್ತಾಗುತ್ತದೆ, ಬೋರ್ಡ್ ಮಾತ್ರ ಓಡುವುದಿಲ್ಲ. ಕಣದ ಹಲಗೆ ಓಡುವುದೇ ಇಲ್ಲ, ಹಾಗಾಗಿ ನೀರಿನ ಅನುಭವ ಪೂರ್ತಿ ಇಲ್ಲಿ ಬರುವುದಿಲ್ಲ. ಆದರೆ ಕೈಗೆ ಬೇಕಾದ ಪಾಠ ಇಲ್ಲಿ ಸಿಗುತ್ತದೆ.

ತಿರುಗಿಸುವುದು ಹೇಗೆ ಅಂತ ಜನ ಕೇಳುತ್ತಾರೆ, ಚುಕ್ಕಾಣಿ ಕಾಣುವುದಿಲ್ಲವಲ್ಲ. ಕಂಬವೇ ಚುಕ್ಕಾಣಿ. ಅದನ್ನು ಬೋರ್ಡಿನ ಮೂತಿಯ, ಅಂದರೆ ಮುಂದಿನ ತುದಿಯ, ಕಡೆ ಬಾಗಿಸಿದರೆ ಬೋರ್ಡ್ ಗಾಳಿಯಿಂದ ದೂರ ತಿರುಗುತ್ತದೆ, ಬಾಲದ ಕಡೆ ಬಾಗಿಸಿದರೆ ಗಾಳಿಯ ಕಡೆಗೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಸರ್ ಕಂಬದ ಬುಡಕ್ಕೆ ಎಲ್ಲ ಕಡೆ ಬಾಗುವ ಕೀಲು ಹಾಕಿದರು. 1968ರಲ್ಲಿ ಪೇಟೆಂಟ್‌ಗೆ ಅರ್ಜಿ ಕೊಟ್ಟರು. ಡ್ರೇಕ್ ವಿಮಾನದ ಎಂಜಿನಿಯರ್. ಹದಿನಾರು ವರ್ಷದಲ್ಲಿ, 1984ರ ಲಾಸ್ ಏಂಜಲೀಸ್‌ನಲ್ಲಿ, ಅದು ಒಲಿಂಪಿಕ್ಸ್ ಆಟವಾಯಿತು. ಆ ಒಂದು ಕೀಲಿನಿಂದಾಗಿ ಹಾಯಿ ನಮ್ಮ ಮೈಯ ಇನ್ನೊಂದು ಭಾಗವಾಗುತ್ತದೆ. ಅದೇ ಕೀಲಿನಿಂದಾಗಿ ನಾವು ಹಿಡಿಯದಿದ್ದರೆ ಅದು ನಿಲ್ಲುವುದೂ ಇಲ್ಲ. ಹೊಸಬರು ತಿರುಗಿಸಲು ಮೈ ತಿರುಚುತ್ತಾರೆ, ಪಾದ ಒತ್ತುತ್ತಾರೆ. ಬೇಕಾಗಿರುವುದು ಕೈಯನ್ನು ಒಂದಡಿ ಆ ಕಡೆಗೋ ಈ ಕಡೆಗೋ ಒಯ್ಯುವುದು, ಮತ್ತೆ ಕಾಯುವುದು. ಕಾಯುವುದು ಕಷ್ಟ. ದೊಡ್ಡ ಬೋರ್ಡ್ ನಿಧಾನವಾಗಿ ಕೇಳುತ್ತದೆ.

ಈಗ ಆ ಪುಸ್ತಕದ ಅತಿ ಉದ್ದದ ಪುಟ. ಬೇರೆಯವರಿಗೆ ಉಪಯೋಗವಾಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಎರಡನೇ ವರ್ಷ, ಗೋವಾದಲ್ಲಿ, ಒಂದು ಬೆಳಿಗ್ಗೆ ಎಂಟು ಗಂಟೆ. ಕಲಿಸುವವನು ಬೆಳಿಗ್ಗೆ ಇಳಿಯಬೇಡಿ ಅಂತ ಸ್ಪಷ್ಟವಾಗಿ ಹೇಳಿದ್ದ. ನೀರು ನಮ್ಮ ಕಣದ ಹಾಗೆ ಸಪಾಟಾಗಿತ್ತು. ಇಷ್ಟು ಚಂದದ ನೀರು ಬಿಡುವುದೇಕೆ ಅಂತ ಇಳಿದೆ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ದಡದ ಹತ್ತಿರ ಮರ, ಕಟ್ಟಡ, ಗುಡ್ಡ ಅದನ್ನು ತಡೆಯುತ್ತವೆ. ಹಾಗಾಗಿ ದಡದಲ್ಲಿ ನಿಂತವನಿಗೆ ಅದರ ಬಲ ಗೊತ್ತೇ ಆಗುವುದಿಲ್ಲ. ದೂರ ಹೋದ ಹಾಗೆ ಜೋರಾಗುತ್ತದೆ, ಅದೂ ದಡದಿಂದ ಆಚೆಗೆ. ಇನ್ನೂರು ಮೀಟರ್ ಹೋಗಿ ಹಿಂತಿರುಗಲು ನೋಡಿದೆ. ಆಗಲಿಲ್ಲ.

ಗಾಳಿ ಬರುವ ಕಡೆಗೇ ನೇರವಾಗಿ ಯಾವ ಹಾಯಿಯೂ ಹೋಗುವುದಿಲ್ಲ. ಆಚೆ ಈಚೆ ಸುಮಾರು 45 ಡಿಗ್ರಿ ಬಿಟ್ಟು, ಓರೆ ಓರೆಯಾಗಿ ಹತ್ತಬೇಕು, ಘಾಟಿ ರಸ್ತೆ ಬೆಟ್ಟ ಹತ್ತಿದ ಹಾಗೆ. ಅದು ನನಗೆ ಓದಿ ಗೊತ್ತಿತ್ತು. ಆದರೆ ಗಾಬರಿಯಲ್ಲಿ ಕಣ್ಣು ದಡಕ್ಕೆ ನೆಟ್ಟಿತ್ತು. ದಡ ನೋಡಿದವನು ದಡಕ್ಕೇ ಬೋರ್ಡ್ ತಿರುಗಿಸುತ್ತಾನೆ. ಮೂತಿ ಗಾಳಿಗೆ ಎದುರಾದ ಕೂಡಲೇ ಬೋರ್ಡ್ ನಿಲ್ಲುತ್ತದೆ, ಹಾಯಿ ಪಟಪಟ ಅನ್ನುತ್ತದೆ, ಹಿಂದಕ್ಕೆ ತೇಲುತ್ತದೆ. ಹಾಗೆ ಏಳೆಂಟು ಸಲ ಮಾಡಿದೆ. ಪ್ರತಿ ಸಲವೂ ದಡ ಸ್ವಲ್ಪ ಚಿಕ್ಕದಾಯಿತು.

ಒಂದು ಕೆಲಸ ಮಾತ್ರ ಸರಿ ಮಾಡಿದೆ. ಬೋರ್ಡ್ ಬಿಡಲಿಲ್ಲ. ಈಜಿಕೊಂಡು ಹೋಗೋಣ ಅಂತ ಮನಸ್ಸು ಹೇಳುತ್ತಿತ್ತು, ದಡ ಅಷ್ಟೇ ಹತ್ತಿರ ಕಾಣುತ್ತಿತ್ತು. ನೀರಿನಲ್ಲಿ ಕಾಣುವ ದೂರವನ್ನು ನಂಬಬಾರದು. ಬೋರ್ಡ್ ಮುಳುಗುವುದಿಲ್ಲ, ಮನುಷ್ಯ ಮುಳುಗುತ್ತಾನೆ. ಹಾಯಿಯನ್ನು ನೀರಿಗೆ ಮಲಗಿಸಿದೆ. ಮಲಗಿದ ಹಾಯಿ ನೀರಿನಲ್ಲಿ ಲಂಗರಿನ ಹಾಗೆ ತೇಲಿಕೆಯನ್ನು ನಿಧಾನಿಸುತ್ತದೆ. ಬೋರ್ಡ್ ಮೇಲೆ ಮಂಡಿಯೂರಿ ಕೂತು ಎರಡೂ ತೋಳು ಅಗಲ ಚಾಚಿ, ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿದೆ. ಅದು ಲೋಕವೆಲ್ಲ ಒಪ್ಪಿದ ಅಪಾಯದ ಸಂಕೇತ. ಒಂದು ಕೈ ಬೀಸಿದರೆ ಟಾಟಾ ಹೇಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಅರ್ಧ ಗಂಟೆ ಆಗಿರಬೇಕು. ಬಲೆ ಎತ್ತಿ ಬರುತ್ತಿದ್ದ ದೋಣಿಯೊಂದು ತಿರುಗಿ ಬಂತು. ಅವರು ಬೈಯಲಿಲ್ಲ. ಹಗ್ಗ ಎಸೆದು ಎಳೆದುಕೊಂಡು ಬಂದರು, ಕುಡಿಯಲು ನೀರು ಕೊಟ್ಟರು. ಅವರ ಭಾಷೆ ನನಗೆ ಬರುತ್ತಿರಲಿಲ್ಲ, ಕೈ ಮುಗಿದೆ. ಈಗಲೂ ಏಪ್ರಿಲ್ ಬಂದರೆ ಆ ದೋಣಿಯವರ ನೆನಪಾಗುತ್ತದೆ.

ಅಂದಿನಿಂದ ನೀರಿಗೆ ಇಳಿಯುವ ಮುಂಚೆ ಹತ್ತು ನಿಮಿಷ ದಡದಲ್ಲಿ ಕೂರುತ್ತೇನೆ. ಗಾಳಿ ಎಲ್ಲಿಂದ, ಎಷ್ಟು, ನಾನು ಬಿದ್ದು ಏನೂ ಮಾಡಲಾಗದೆ ತೇಲಿದರೆ ಎಲ್ಲಿ ಹೋಗಿ ಸೇರುತ್ತೇನೆ? ಮೂರನೆಯ ಪ್ರಶ್ನೆಗೆ ಉತ್ತರ ನೆಲವಾಗಿರಬೇಕು, ಕಡಲಾಗಿರಬಾರದು. ಗಾಳಿ ಅಳೆಯಲು ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಮಾಡಿದ ಅಳತೆಪಟ್ಟಿ ಈಗಲೂ ಕಣ್ಣಿಗೆ ಸಾಕು. ಎಲೆ, ಸಣ್ಣ ಕಡ್ಡಿ ಬಿಡದೆ ಆಡುತ್ತಿದ್ದರೆ, ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ 7ರಿಂದ 10 ನಾಟ್. ಸಣ್ಣ ಕೊಂಬೆ ತೂಗಿ ದೂಳು ಎದ್ದರೆ 11ರಿಂದ 16. ನಮ್ಮ ತೋಟದ ಸಿಲ್ವರ್ ಓಕ್ ನೋಡಿ ನೋಡಿ ಈ ಲೆಕ್ಕ ನನಗೆ ಬಾಯಿಪಾಠವಾಗಿದೆ.

ಗಾಳಿಗೆ ಎದುರು ಹತ್ತಲು ಓರೆ ದಾರಿ ಸಾಲದು, ಪ್ರತಿ ತಿರುವಿನಲ್ಲಿ ಹಾಯಿಯ ಆ ಬದಿಯಿಂದ ಈ ಬದಿಗೆ ಬರಬೇಕು. ಇದಕ್ಕೆ ಟ್ಯಾಕ್ ಅನ್ನುತ್ತಾರೆ. ನನ್ನ ಟ್ಯಾಕ್ ಎರಡು ವರ್ಷ ಕೆಟ್ಟದಾಗಿಯೇ ಇತ್ತು. ಕಂಬದ ಮುಂದೆ ಹೋಗಿ ಅಲ್ಲೇ ನಿಂತು ಯೋಚಿಸುತ್ತಿದ್ದೆ. ಬೋರ್ಡಿನ ಮೂತಿಯ ಮೇಲೆ ಮನುಷ್ಯ ನಿಂತರೆ ಅದು ಮುಳುಗುತ್ತದೆ, ಯೋಚನೆಗೆ ಅಲ್ಲಿ ಸಮಯ ಇಲ್ಲ. ಸಣ್ಣ ಸಣ್ಣ ಆರು ಹೆಜ್ಜೆ ಇಡುತ್ತಿದ್ದೆ, ಮೂರು ಸಾಕು.

ಇದನ್ನು ಸರಿ ಮಾಡಿದ್ದು ಮಗಳು. ಅವಳಿಗೆ ಹದಿಮೂರು, ಶಾಲೆಯಲ್ಲಿ ಹಾಕಿ ಆಡುತ್ತಾಳೆ. ಕಣದ ಮೇಲೆ ಸೀಮೆಸುಣ್ಣದಲ್ಲಿ ಬೋರ್ಡಿನ ಆಕಾರ ಬರೆದಳು. ನನ್ನ ಪಾದ ಎಲ್ಲೆಲ್ಲಿ ಬೀಳುತ್ತದೆ ಅಂತ ಗುರುತು ಹಾಕಿದಳು. ಆರು ಗುರುತು, ಅದರಲ್ಲಿ ಎರಡು ಗೆರೆಯ ಹೊರಗೆ, ಅಂದರೆ ಕಡಲಿನಲ್ಲಿ! “ಅಪ್ಪಾ, ನೀನು ಬೋರ್ಡ್ ತಿರುಗೋ ಮೊದಲೇ ಓಡ್ತೀಯ” ಅಂದಳು. ನಿಜ. ಹಾಯಿಯನ್ನು ಬಾಲದ ಕಡೆ ಬಾಗಿಸಿ, ಮೂತಿ ಗಾಳಿಯನ್ನು ದಾಟುವವರೆಗೆ ಕಾದು, ಆಮೇಲೆ ಕೈಯನ್ನು ಕಂಬಕ್ಕೆ ತಂದು ಒಂದೇ ಬೀಸಿಗೆ ಆ ಬದಿಗೆ ಹೋಗಬೇಕು. ನಾನು ಹೆದರಿಕೆಯಿಂದ ಮುಂಚೆಯೇ ಹೊರಡುತ್ತಿದ್ದೆ, ಹೊರಟ ಮೇಲೆ ನಿಲ್ಲುತ್ತಿದ್ದೆ. ಸೀಮೆಸುಣ್ಣದ ಬೋರ್ಡ್ ಮೇಲೆ ಒಂದು ತಿಂಗಳು ಮಾಡಿದೆ. ಹಾಯಿ ಇಲ್ಲದೆ, ಒಂದು ಬಿದಿರು ಹಿಡಿದುಕೊಂಡು. ಮುಂದಿನ ಸಲ ದೋನಾ ಪಾವ್ಲಾದಲ್ಲಿ ಹತ್ತಕ್ಕೆ ಏಳು ಟ್ಯಾಕ್ ಒಣ ಕಾಲಿನಲ್ಲೇ ಆಯಿತು.

ಅವಳು ಈಗ ತಾನೂ ಬರುತ್ತೇನೆ ಅನ್ನುತ್ತಿದ್ದಾಳೆ. 2023ರಲ್ಲಿ ಚೀನಾದಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಇಬಾದ್ ಅಲಿ ವಿಂಡ್‌ಸರ್ಫಿಂಗ್‌ನಲ್ಲಿ ಕಂಚು ಗೆದ್ದದ್ದು ಅವಳಿಗೆ ಗೊತ್ತು. ಅದೇ ಆಟಕೂಟದಲ್ಲಿ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದವಳು, ಭೋಪಾಲದ ಕೆರೆಯಲ್ಲಿ ಕಲಿತವಳು. ಕಡಲಿಲ್ಲದ ಊರಿನವಳು ಅನ್ನುವ ಮಾತು ಮಗಳಿಗೆ ಬಹಳ ಹಿಡಿಸಿದೆ. ಬರಲಿ. ಆದರೆ ಕಣದಲ್ಲಿ ಹಾಯಿ ಹಿಡಿದಾಗ ಅವಳೂ ಬಗ್ಗುತ್ತಾಳೆ, ಪಾದ ನೋಡುತ್ತಾಳೆ, ಬೂಮನ್ನು ಹಾಕಿ ಸ್ಟಿಕ್ಕಿನ ಹಾಗೆ ಹಿಡಿಯುತ್ತಾಳೆ. ನಾನು ಏನೂ ಹೇಳುವುದಿಲ್ಲ. ತೋಟದ ಆಚೆ ಏರಿನ ಮೇಲೆ ಎಷ್ಟು ಸಿಲ್ವರ್ ಓಕ್ ಇದೆ ಎಣಿಸು ಅನ್ನುತ್ತೇನೆ.

ಈಗ ಜೂನ್. ಕಣದ ಮೇಲೆ ಪಾಚಿ ಹಿಡಿಯುತ್ತಿದೆ, ಕಾಲಿಟ್ಟರೆ ಜಾರುತ್ತದೆ. ಹಾಯಿ ತೊಳೆದು, ಉಪ್ಪು ಹೋಗುವವರೆಗೆ ಸಿಹಿನೀರಿನಲ್ಲಿ ನೆನೆಸಿ, ಅಟ್ಟದ ಮೇಲೆ ಸುತ್ತಿಟ್ಟಿದ್ದೇನೆ. ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ. ಟಾರ್ಚ್ ಹಿಡಿದು ಕಂಬದ ಬುಡದ ಕೀಲನ್ನು ಮಡಚಿ ನೋಡಿದೆ. ರಬ್ಬರಿನಲ್ಲಿ ಉಗುರಿನಷ್ಟು ಉದ್ದದ ಬಿರುಕು ಕಂಡಿತು. ನೀರಿನ ನಡುವೆ ಅದು ತುಂಡಾದರೆ ಬೋರ್ಡ್ ಒಂದು ಕಡೆ, ಹಾಯಿ ಒಂದು ಕಡೆ. ಹೊಸದು ತರಿಸಬೇಕು. ಪುಸ್ತಕ ತೆಗೆದು ದಿನಾಂಕ ಹಾಕಿ ಬರೆದಿಟ್ಟೆ.